ಪರದೆ ಬದಲಾಗಲಿ, ಕುರ್ಚಿ ಬದಲಾಗದಿರಲಿ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳ ಯಾವ ಊರಿನ ಸಂಘಕ್ಕೆ ನೀವು ಹಾಲು ಹಾಕುತ್ತಿದ್ದರೂ, ನಿಮ್ಮ ಲೆಕ್ಕ ಬರೆಯುವ ಕಂಪ್ಯೂಟರಿನ ಪರದೆ ಇಂದಲ್ಲ ನಾಳೆ ಬದಲಾಗುತ್ತದೆ. ಕೆಲವು ಕಡೆ ಆಗಲೇ ಬದಲಾಗಿರಬಹುದು. ಕಪ್ಪು ಪರದೆ, ಬಿಳಿ ಅಕ್ಷರ, ಕೋಡ್ ನಂಬರ್ ಒತ್ತಿ ಎಂಟರ್ ಹೊಡೆದರೆ ಮುಗಿಯಿತು ಎನ್ನುವಂಥ ಹಳೆಯ ಪ್ರೋಗ್ರಾಂ ಹೋಗಿ, ಬಣ್ಣದ ಚೌಕಗಳು, ಆಕಳ ಚಿತ್ರ, ಎಮ್ಮೆಯ ಚಿತ್ರ, ಮೌಸ್ ಒತ್ತಿದರೆ ಕೆಳಗೆ ಬಿಚ್ಚಿಕೊಳ್ಳುವ ಪಟ್ಟಿಗಳು ಇರುವ ಹೊಸ ಪ್ರೋಗ್ರಾಂ ಬರುತ್ತದೆ. ಅಥವಾ ಕಂಪ್ಯೂಟರೇ ಇಲ್ಲದೆ ಕೈಯಗಲದ ಟ್ಯಾಬ್ ಬರುತ್ತದೆ.

"ಅದು ಸೆಕ್ರೆಟರಿ ಕೆಲಸ, ನಮಗ್ಯಾಕೆ ಬೇಕು" ಎಂದು ನಿಮ್ಮಲ್ಲಿ ಹಲವರು ಅಂದುಕೊಂಡಿದ್ದೀರಿ. ಹಾಗೆ ಅಂದುಕೊಂಡು ಸುಮ್ಮನೆ ಕ್ಯಾನ್ ತೊಳೆದುಕೊಂಡು ಮನೆಗೆ ಹೋಗಬೇಡಿ ಎಂದು ಹೇಳಲಿಕ್ಕೇ ಈ ಬರಹ.

ಪರದೆಯ ಹಿಂದೆ ಏನಿದೆ ಎಂಬುದನ್ನು ಮೊದಲು ನೋಡೋಣ. ಇಂಗ್ಲಿಷಿನಲ್ಲಿ ಡೇಟಾಬೇಸ್ ಎನ್ನುತ್ತಾರೆ, ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕಂಪ್ಯೂಟರಿನ ಹೊಟ್ಟೆಯಲ್ಲಿರುವ ದೊಡ್ಡ ಲೆಡ್ಜರ್. ನಿಮ್ಮ ಹೆಸರು, ಕೋಡ್ ನಂಬರ್, ಷೇರು ಹಣ, ಬ್ಯಾಂಕ್ ಖಾತೆ, ಬೆಳಿಗ್ಗೆ ಪಾಳಿಗೆ ಎಷ್ಟು ಹಾಲು, ಸಂಜೆ ಪಾಳಿಗೆ ಎಷ್ಟು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ಪಶು ಆಹಾರದ ಚೀಲಕ್ಕೆ ಎಷ್ಟು ಬಾಕಿ, ಎಲ್ಲವೂ ಅದರಲ್ಲಿದೆ. ಬಟವಾಡೆಯ ದಿನ ನಿಮ್ಮ ಕೈಗೆ ಅಥವಾ ಖಾತೆಗೆ ಬರುವ ಹಣ ಅಲ್ಲಿಂದಲೇ ಬರುತ್ತದೆ. ವರ್ಷದ ಕೊನೆಗೆ ಬರುವ ಬೋನಸ್ ಕೂಡ ನೀವು ವರ್ಷವಿಡೀ ಹಾಕಿದ ಹಾಲಿನ ಲೆಕ್ಕದ ಮೇಲೆಯೇ. ರಾಜ್ಯ ಸರ್ಕಾರ 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭಿಸಿ, ಆಮೇಲೆ 5 ರೂಪಾಯಿಗೆ ಏರಿಸಿದ ಪ್ರೋತ್ಸಾಹಧನವೂ ಸಂಘದಿಂದ ಹೋದ ಲೀಟರ್ ಲೆಕ್ಕ ನೋಡಿಯೇ ನಿಮ್ಮ ಖಾತೆಗೆ ಬೀಳಬೇಕು. ಅಷ್ಟೇ ಅಲ್ಲ, ವರ್ಷಕ್ಕೆ ಇಷ್ಟು ದಿನ, ಇಷ್ಟು ಲೀಟರ್ ಹಾಕಿರಬೇಕು ಎಂಬ ಬೈಲಾದ ಷರತ್ತು ನಿಮಗೆ ಗೊತ್ತಿದೆ. ಸಂಘದ ಚುನಾವಣೆಯಲ್ಲಿ ನಿಮಗೆ ಮತದ ಹಕ್ಕು ಇದೆಯೋ ಇಲ್ಲವೋ ಎನ್ನುವುದನ್ನೂ ಆ ಲೆಡ್ಜರೇ ಹೇಳುತ್ತದೆ.

ಪರದೆ ಎಂದರೆ ಆ ಲೆಡ್ಜರಿನ ಬಾಗಿಲು. ಬಾಗಿಲು ಬದಲಿಸುವಾಗ ಒಳಗಿನ ಸಾಮಾನು ಹೊರಗೆ ತೆಗೆದು ಮತ್ತೆ ಒಳಗಿಡುತ್ತಾರೆ. ಮನೆಗೆ ಸುಣ್ಣ ಹೊಡೆಸಿದವರಿಗೆ ಗೊತ್ತು, ಆ ಹೊತ್ತಿನಲ್ಲಿ ಏನಾದರೊಂದು ಕಳೆದೇ ಕಳೆಯುತ್ತದೆ.

ಹಾಲಿನ ಗುಣ ಅಳೆಯುವ ವಿಧಾನ ಬದಲಾಗುತ್ತಿರುವುದು ಇದೇ ಮೊದಲಲ್ಲ. ಹಾಲನ್ನು ಬರೀ ತೂಕಕ್ಕೆ ಕೊಳ್ಳುತ್ತಿದ್ದ ಕಾಲದಲ್ಲಿ ನೀರು ಬೆರೆಸಿದವನಿಗೂ, ಗಟ್ಟಿ ಹಾಲು ತಂದವನಿಗೂ ಒಂದೇ ದರ ಸಿಗುತ್ತಿತ್ತು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸ್ಟೀಫನ್ ಬ್ಯಾಬ್‌ಕಾಕ್ 1890ರಲ್ಲಿ ಫ್ಯಾಟ್ ಅಳೆಯುವ ಸುಲಭ ಪರೀಕ್ಷೆ ಕಂಡುಹಿಡಿದು, ಅದಕ್ಕೆ ಪೇಟೆಂಟ್ ತೆಗೆದುಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟರು. ಅದರ ಹಿಂದೆಯೇ ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್ ಅವರ ಪರೀಕ್ಷೆ ಬಂತು. ನಮ್ಮ ಸಂಘಗಳಲ್ಲಿ ಬಹುಕಾಲ ನಡೆದದ್ದು ಈ ಗರ್ಬರ್ ಪದ್ಧತಿಯೇ. ಗಾಜಿನ ಬ್ಯುಟಿರೋಮೀಟರಿಗೆ 10 ಮಿಲಿ ಗಂಧಕಾಮ್ಲ, 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೊಹಾಲ್ ಹಾಕಿ, ಅಲುಗಿಸಿ, ಯಂತ್ರದಲ್ಲಿ ಗಿರಗಿರ ತಿರುಗಿಸಿದರೆ ಕಡ್ಡಿಯಂಥ ಗಾಜಿನ ಕೊಳವೆಯಲ್ಲಿ ಹೊನ್ನಿನ ಬಣ್ಣದ ಜಿಡ್ಡು ಮೇಲೆ ನಿಲ್ಲುತ್ತಿತ್ತು. ಗೆರೆ ಎಣಿಸಿದರೆ ಫ್ಯಾಟ್. ನಿಮ್ಮ ಅತ್ತೆಯವರನ್ನು ಕೇಳಿ ನೋಡಿ, ನೆನಪಿಸಿಕೊಳ್ಳುತ್ತಾರೆ.

ಆ ಪದ್ಧತಿಯಲ್ಲಿ ಆ್ಯಸಿಡ್ ಕೈಗೆ ಬೀಳುವ ಭಯವಿತ್ತು, ಸಮಯವೂ ಹಿಡಿಯುತ್ತಿತ್ತು. ಆದರೂ ಅದರಲ್ಲೊಂದು ಒಳ್ಳೆಯ ಗುಣವಿತ್ತು. ಅನುಮಾನ ಬಂದರೆ ಕೊಳವೆಯನ್ನು ಬೆಳಕಿಗೆ ಹಿಡಿದು ನೀವೂ ನೋಡಬಹುದಿತ್ತು. ಓದು ಬರದವರಿಗೂ ಜಿಡ್ಡು ಎಲ್ಲಿಗೆ ನಿಂತಿದೆ ಎಂದು ಕಾಣುತ್ತಿತ್ತು. ಆಮೇಲೆ ಎಲೆಕ್ಟ್ರಾನಿಕ್ ಯಂತ್ರ ಬಂತು, ಶಬ್ದದ ಅಲೆಯಿಂದ ಅಳೆಯುವ ಅಲ್ಟ್ರಾಸಾನಿಕ್ ಯಂತ್ರ ಬಂತು. ಒಂದು ನಿಮಿಷದ ಆಚೀಚೆ ಫ್ಯಾಟ್, ಎಸ್‌ಎನ್‌ಎಫ್ ಎರಡೂ ಅಂಕೆಯಾಗಿ ಮೂಡುತ್ತವೆ. ತಕ್ಕಡಿ, ಯಂತ್ರ, ಕಂಪ್ಯೂಟರ್, ಪ್ರಿಂಟರ್ ಒಂದಕ್ಕೊಂದು ತಂತಿಯಿಂದ ಸೇರಿಕೊಂಡವು. ಇದೆಲ್ಲ ಒಳ್ಳೆಯದೇ. ಕೈಬರಹದ ಲೆಕ್ಕದಲ್ಲಿ ಆಗುತ್ತಿದ್ದ ಎಷ್ಟೋ ಜಗಳ ನಿಂತವು. ಆದರೆ ಗಾಜಿನ ಕೊಳವೆ ಇಬ್ಬರ ಕಣ್ಣಿಗೂ ಕಾಣುತ್ತಿತ್ತು, ಪರದೆ ಒಬ್ಬರ ಕಣ್ಣಿಗೆ ಮಾತ್ರ ಕಾಣುತ್ತದೆ. ಬಹಳ ಸಂಘಗಳಲ್ಲಿ ಅದು ಕಿಟಕಿಯ ಒಳಗೆ, ನಿಮಗೆ ಬೆನ್ನು ಮಾಡಿಕೊಂಡು ಕುಳಿತಿದೆ.

ಹೊಸ ಸಾಫ್ಟ್‌ವೇರ್ ಬರುವ ದಿನವೇ ಅದನ್ನು ತಿರುಗಿಸಲು ಒಳ್ಳೆಯ ಮುಹೂರ್ತ. ಹೇಗೂ ಮೇಜು ಸರಿಸುತ್ತಾರೆ, ತಂತಿ ಬಿಚ್ಚುತ್ತಾರೆ. "ಅಕ್ಕಾ, ಪರದೆ ಸ್ವಲ್ಪ ಈ ಕಡೆ ತಿರುಗ್ಸು, ನಮಗೂ ಕಾಣ್ಲಿ" ಎಂದು ಅಂದೇ ಕೇಳಿ. ಇಬ್ಬರಿಗೂ ಕಾಣುವಂತೆ ಇಡಲು ಜಾಗವಿಲ್ಲವೆಂದರೆ, ಹಾಲು ಹಾಕುವವರ ಕಡೆಗೆ ಮುಖ ಮಾಡಿದ ಸಣ್ಣ ಅಂಕೆ ಫಲಕವನ್ನು ಜೋಡಿಸಲು ಬರುತ್ತದೆ. ಅದು ಐಷಾರಾಮದ ವಸ್ತುವಲ್ಲ. ಅಂಗಡಿಯ ತಕ್ಕಡಿಯಲ್ಲಿ ಗಿರಾಕಿಯ ಕಡೆಗೂ ಅಂಕೆ ಕಾಣುತ್ತದಲ್ಲ, ಅಷ್ಟೇ.

ಈಗ ಕುರ್ಚಿಯ ಮಾತು. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ದೊಡ್ಡದು.

ಕೇಂದ್ರ ಸರ್ಕಾರ 1986-87ರಲ್ಲಿ ಆರಂಭಿಸಿದ ‘ಸ್ಟೆಪ್’ ಯೋಜನೆಯ ನೆರವಿನಿಂದ ರಾಜ್ಯದಲ್ಲಿ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಗಳು ಬೆಳೆದವು. ಸದಸ್ಯರೂ ಹೆಣ್ಣುಮಕ್ಕಳು, ಆಡಳಿತ ಮಂಡಳಿಯೂ ಹೆಣ್ಣುಮಕ್ಕಳು, ಕಾರ್ಯದರ್ಶಿಯೂ ಹೆಣ್ಣುಮಗಳು. ಕಾರ್ಯದರ್ಶಿಯ ಕುರ್ಚಿಯಲ್ಲಿ ಊರಿನ ಹೆಣ್ಣುಮಗಳು ಕುಳಿತು ಲೆಕ್ಕ ಬರೆಯುವುದನ್ನು ಊರು ಒಪ್ಪಿಕೊಳ್ಳಲು ವರ್ಷಗಳೇ ಹಿಡಿದವು. ಹಳೆಯ ಪ್ರೋಗ್ರಾಂ ಅನ್ನು ಆಕೆ ಕಲಿತದ್ದು ಬೆರಳಿನಿಂದ. ಕೋಡ್, ಎಂಟರ್, ಆಕಳಾದರೆ ಒಂದು ಕೀಲಿ, ಎಮ್ಮೆಯಾದರೆ ಇನ್ನೊಂದು, ಎಂಟರ್, ಚೀಟಿ. ಪರದೆ ನೋಡದೆಯೇ, ಸರತಿಯಲ್ಲಿ ನಿಂತವರನ್ನು ಮಾತಾಡಿಸುತ್ತಲೇ ಮಾಡುತ್ತಿದ್ದಳು. ನುರಿತ ಕೈ ರೊಟ್ಟಿ ತಟ್ಟುವಾಗ ಎಣಿಸುವುದಿಲ್ಲವಲ್ಲ, ಹಾಗೆ.

ಹೊಸ ಪರದೆ ಬಂದ ದಿನ ಆ ಕೈ ನಿಲ್ಲುತ್ತದೆ. ಮೌಸ್ ಹಿಡಿಯಬೇಕು, ಬಾಣದ ಗುರುತನ್ನು ಸರಿಯಾದ ಚೌಕದ ಮೇಲೆ ನಿಲ್ಲಿಸಬೇಕು, ಪಟ್ಟಿಯಲ್ಲಿ ಹೆಸರು ಹುಡುಕಬೇಕು. ಒಬ್ಬೊಬ್ಬರಿಗೆ 20 ಸೆಕೆಂಡ್ ಹೆಚ್ಚು ಹಿಡಿದರೂ 60 ಜನರ ಸರತಿಗೆ 20 ನಿಮಿಷ ಹೆಚ್ಚಾಯಿತು. ನಮ್ಮ ಕಡೆಯ ಬೇಸಿಗೆಯಲ್ಲಿ ಆ 20 ನಿಮಿಷ ಕ್ಯಾನಿನಲ್ಲಿರುವ ಹಾಲಿಗೂ ಒಳ್ಳೆಯದಲ್ಲ, ಮನೆಯಲ್ಲಿ ಒಲೆ ಹಚ್ಚಬೇಕಾದವರಿಗೂ ಒಳ್ಳೆಯದಲ್ಲ. ಸರತಿಯಲ್ಲಿ ಗೊಣಗಾಟ ಶುರುವಾಗುತ್ತದೆ. ಯಾರೋ ಒಬ್ಬರು ಅನ್ನುತ್ತಾರೆ, "ಇಕಿಗೆ ಬರಂಗಿಲ್ಲ, ಕಂಪ್ಯೂಟರ್ ಕಲಿತ ಹುಡುಗನ್ನ ಕೂರಿಸ್ರಿ."

ಆ ಮಾತು ನಿಮ್ಮ ಬಾಯಿಂದ ಬರದಿರಲಿ. ಹುಡುಗ ಬಂದು ಕೂರುತ್ತಾನೆ. ಮೊದಲು ಒಂದು ವಾರ ಸಹಾಯಕ್ಕೆ, ಆಮೇಲೆ ತಿಂಗಳು, ಆಮೇಲೆ ಪಾಸ್‌ವರ್ಡ್ ಅವನ ಹತ್ತಿರವೇ ಇರುತ್ತದೆ. ಕಾರ್ಯದರ್ಶಿ ಎಂದು ಸಹಿ ಮಾಡುವುದು ಆಕೆ, ಲೆಕ್ಕ ಮುಟ್ಟುವುದು ಆತ. ಆಡಳಿತ ಮಂಡಳಿ ಮುಂದೆ ಒಂದು ಪ್ರಶ್ನೆ ಬಂದರೆ ಆಕೆಗೆ ಉತ್ತರ ಗೊತ್ತಿಲ್ಲ, ಆತ ಸಂಘದ ನೌಕರನೇ ಅಲ್ಲ. ಹುಡುಗ ಒಳ್ಳೆಯವನೇ ಇರಬಹುದು. ಪ್ರಶ್ನೆ ಅವನ ಗುಣದ್ದಲ್ಲ. ಮಹಿಳಾ ಸಂಘದ ಲೆಕ್ಕದ ಕೀಲಿಕೈ ಮಹಿಳೆಯ ಸೆರಗಿನಿಂದ ಬಿಚ್ಚಿಹೋಯಿತಲ್ಲ ಎನ್ನುವುದು ನನ್ನ ಚಿಂತೆ.

ಚಿತ್ರದ ಪರದೆ ಕಷ್ಟವೆಂದು ಇಡೀ ಜಗತ್ತೇ ಒಂದು ಕಾಲಕ್ಕೆ ಅಂದುಕೊಂಡಿತ್ತು. ಮೌಸ್ ಎಂಬುದನ್ನು ಡಗ್ಲಾಸ್ ಎಂಗೆಲ್‌ಬಾರ್ಟ್ ಜನರ ಮುಂದೆ ಮಾಡಿ ತೋರಿಸಿದ್ದು 1968ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಅದು ಸಾಮಾನ್ಯರ ಮೇಜಿಗೆ ಬರಲು 15 ವರ್ಷಕ್ಕೂ ಹೆಚ್ಚು ಹಿಡಿಯಿತು. ಬ್ಯಾಂಕಿನ ಗುಮಾಸ್ತರು, ರೈಲ್ವೆ ಬುಕಿಂಗ್‌ನವರು, ಕಂಡಕ್ಟರುಗಳು ಎಲ್ಲರೂ ಹಳೆಯ ಯಂತ್ರದಿಂದ ಹೊಸದಕ್ಕೆ ಬಂದವರೇ. ಅವರಿಗೆಲ್ಲ ತರಬೇತಿಯ ದಿನಗಳು ಸಿಕ್ಕವು, ಸಂಬಳ ಕಡಿತವಾಗಲಿಲ್ಲ. ನಮ್ಮ ಕಾರ್ಯದರ್ಶಿಗೆ ಮಾತ್ರ ಕಂಪನಿಯವರು ಬಂದು ಅರ್ಧ ಗಂಟೆ ತೋರಿಸಿ ಹೋದರೆ ಸಾಕು ಎಂದರೆ ಹೇಗೆ?

ಆದ್ದರಿಂದ ಹೊಸ ಪ್ರೋಗ್ರಾಂ ಹಾಕಿಸುವ ತೀರ್ಮಾನ ಆಡಳಿತ ಮಂಡಳಿಯಲ್ಲಿ ಆಗುವಾಗಲೇ ತರಬೇತಿಯ ಮಾತೂ ಆಗಬೇಕು. ಒಂದು ದಿನದ ತರಬೇತಿ ಸಾಲದು. ನಿಜವಾದ ಸರತಿಯ ಎದುರು, ಬೆಳಿಗ್ಗೆ ಸಂಜೆ, ಕೆಲವು ದಿನವಾದರೂ ಕಲಿಸುವವರು ಪಕ್ಕದಲ್ಲಿ ಕೂರಬೇಕು. ಪಕ್ಕದಲ್ಲಿ. ಕುರ್ಚಿಯಲ್ಲಿ ಆಕೆ, ಸ್ಟೂಲಿನಲ್ಲಿ ಅವರು. ಮೌಸ್ ಅವರ ಕೈಗೆ ಹೋಯಿತೆಂದರೆ ಆಕೆ ಕಲಿಯುವುದಿಲ್ಲ, ನೋಡುತ್ತಾಳೆ ಅಷ್ಟೇ. ಹಾಲು ಪರೀಕ್ಷಕಿಗೂ ಅದೇ ತರಬೇತಿ ಬೇಕು, ಯಾಕೆಂದರೆ ಕಾರ್ಯದರ್ಶಿ ಬಾಣಂತನಕ್ಕೋ, ಮನೆಯಲ್ಲಿ ಕಾರ್ಯವಿದೆಯೆಂದೋ ರಜೆ ಹಾಕಿದ ದಿನ ಹುಡುಗ ಮತ್ತೆ ಬಂದು ಕೂರುತ್ತಾನೆ.

ಇನ್ನೊಂದು ಸಣ್ಣ ವಿಷಯ, ಆದರೆ ಬಹಳ ಉಪಯೋಗದ್ದು. ಚಿತ್ರದ ಪರದೆ ಇದ್ದರೂ ಅನೇಕ ಪ್ರೋಗ್ರಾಂಗಳಲ್ಲಿ ಕೀಲಿಮಣೆಯಿಂದಲೇ ಕೆಲಸ ಮಾಡಬಹುದು. ಟ್ಯಾಬ್ ಕೀಲಿ ಒತ್ತಿದರೆ ಮುಂದಿನ ಚೌಕ, ಎಂಟರ್ ಒತ್ತಿದರೆ ದಾಖಲು. ಕಲಿಸಲು ಬಂದವರು ಮೌಸ್‌ನಲ್ಲೇ ತೋರಿಸಿ ಹೋಗುತ್ತಾರೆ, ಅವರಿಗೆ ಅದೇ ಅಭ್ಯಾಸ. "ಮೌಸ್ ಮುಟ್ಟದೆ ಮಾಡೋದು ಹೇಗೆ, ಅದನ್ನು ತೋರಿಸಿ" ಎಂದು ನಮ್ಮ ಕಾರ್ಯದರ್ಶಿಯರು ಕೇಳಬೇಕು. ಹಳೆಯ ಬೆರಳಿನ ವಿದ್ಯೆ ಅರ್ಧದಷ್ಟಾದರೂ ಉಳಿಯುತ್ತದೆ. ಆಗದು ಎಂದರೆ, ಕೊಳ್ಳುವ ಮೊದಲೇ ಆ ಪ್ರೋಗ್ರಾಂ ಬಗ್ಗೆ ಇನ್ನೊಮ್ಮೆ ಯೋಚಿಸಿ. ಪರದೆ ಚೆಂದ ಕಾಣುತ್ತದೆ ಎಂದು ಕೊಳ್ಳುವುದು ಕೊಂಬು ನೋಡಿ ಎಮ್ಮೆ ಕೊಂಡಂತೆ. ಕೆಚ್ಚಲು ನೋಡಬೇಕು.

ಹೊಸದನ್ನು ನಾನು ಬೇಡವೆನ್ನುತ್ತಿಲ್ಲ. ಒಳ್ಳೆಯ ಹೊಸ ಪ್ರೋಗ್ರಾಂ ಕನ್ನಡದಲ್ಲಿ ಮಾತಾಡುತ್ತದೆ, ಫ್ಯಾಟ್ ಎಂದೂ ಇಲ್ಲದಷ್ಟು ಏರುಪೇರಾದರೆ ಎಚ್ಚರಿಸುತ್ತದೆ, ಕಳೆದ ತಿಂಗಳ ಹಾಲನ್ನೂ ಈ ತಿಂಗಳ ಹಾಲನ್ನೂ ಒಟ್ಟಿಗೆ ತೋರಿಸುತ್ತದೆ. ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಸಿದ್ಧಪಡಿಸಿದ ಎಎಂಸಿಎಸ್ ಎಂಬ ಹಾಲು ಶೇಖರಣಾ ವ್ಯವಸ್ಥೆಯಲ್ಲಿ ಸಂಘಕ್ಕೆ, ಒಕ್ಕೂಟಕ್ಕೆ ಬೇರೆ ಬೇರೆ ಪರದೆಗಳಿವೆ, ರೈತರ ಮೊಬೈಲಿಗೆಂದೇ ಬೇರೆ ಆ್ಯಪ್ ಇದೆ, ಭಾರತೀಯ ಭಾಷೆಗಳಲ್ಲಿ ಕೆಲಸ ಮಾಡುತ್ತದೆ. ಅಂದರೆ ಹಾಲು ಹಾಕುವವರಿಗೂ ಒಂದು ಪರದೆ ಇರಬೇಕೆಂಬ ವಿಚಾರ ದೇಶದ ಮಟ್ಟದಲ್ಲಿ ಒಪ್ಪಿಗೆಯಾಗಿದೆ. ನಮ್ಮ ಊರಿನಲ್ಲಿ ಅದನ್ನು ಕೇಳಿ ಪಡೆಯಬೇಕು.

ಇನ್ನು ಹಳೆಯ ಲೆಡ್ಜರಿನಿಂದ ಹೊಸ ಲೆಡ್ಜರಿಗೆ ಲೆಕ್ಕ ಸಾಗಿಸುವ ವಿಚಾರ. ಕಳೆದುಹೋಗುವುದು ಇಲ್ಲೇ.

ಮೊದಲು ಹೆಸರು. ಕೊಟ್ಟೂರು ಸೀಮೆಯ ಯಾವ ಸಂಘದಲ್ಲಿ ಕೊಟ್ರಮ್ಮ ಒಬ್ಬರೇ ಇದ್ದಾರೆ, ಹೇಳಿ? ಹರಪನಹಳ್ಳಿ ಕಡೆ ಉಚ್ಚೆಂಗೆಮ್ಮ, ಎಲ್ಲ ಕಡೆಯೂ ಹುಲಿಗೆಮ್ಮ. ಹಳೆಯ ಪ್ರೋಗ್ರಾಂನಲ್ಲಿ ನಿಮ್ಮನ್ನು ಗುರುತಿಸುತ್ತಿದ್ದುದು ಕೋಡ್ ನಂಬರ್. ಹೊಸದರಲ್ಲಿ ಹೆಸರಿನ ಮೊದಲ ಎರಡು ಅಕ್ಷರ ಒತ್ತಿದರೆ ಪಟ್ಟಿ ಬಿಚ್ಚಿಕೊಳ್ಳುತ್ತದೆ, ಮೂವರು ಕೊಟ್ರಮ್ಮಂದಿರು ಒಂದರ ಕೆಳಗೊಂದು ನಿಂತಿರುತ್ತಾರೆ. ಅವಸರದಲ್ಲಿ ಬೆರಳು ಒಂದು ಸಾಲು ಕೆಳಗೆ ಬಿತ್ತೆಂದರೆ ನಿಮ್ಮ ಹಾಲು ಇನ್ನೊಬ್ಬರ ಖಾತೆಗೆ ಹೋಯಿತು. ಆದ್ದರಿಂದ ಹೆಸರು ಹೇಳಬೇಡಿ, ಕೋಡ್ ನಂಬರ್ ಹೇಳಿ. ಹೊಸ ಪ್ರೋಗ್ರಾಂ ಹೊಸ ನಂಬರ್ ಕೊಟ್ಟರೆ, ಹಳೆಯ ನಂಬರೇ ಮುಂದುವರಿಯಲಿ ಎಂದು ಪಟ್ಟು ಹಿಡಿಯಿರಿ. ಹಳೆಯ ನಂಬರ್ ಉಳಿಸಿಕೊಳ್ಳುವುದು ಪ್ರೋಗ್ರಾಂ ಮಾಡುವವರಿಗೆ ದೊಡ್ಡ ಕೆಲಸವೇನಲ್ಲ.

ಕನ್ನಡದಲ್ಲಿ ಹೆಸರು ಟೈಪ್ ಮಾಡಿದ್ದ ಸಂಘಗಳಲ್ಲಿ ಇನ್ನೊಂದು ತೊಡಕು ಎದುರಾಗಬಹುದು. ಹಳೆಯ ಕನ್ನಡ ಫಾಂಟುಗಳಲ್ಲಿ ಬರೆದದ್ದು ಈಗಿನ ಯೂನಿಕೋಡ್ ಅಕ್ಷರಕ್ಕೆ ಸರಿಯಾಗಿ ಬದಲಾಗದಿದ್ದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಇಂಗ್ಲಿಷಿನಲ್ಲಿ ಬರೆದಿದ್ದರೆ ಆಧಾರ್‌ನಲ್ಲೊಂದು ಕಾಗುಣಿತ, ಬ್ಯಾಂಕಿನಲ್ಲೊಂದು, ಸಂಘದಲ್ಲೊಂದು. ಹಳೆಯ ಪ್ರೋಗ್ರಾಂ ಇದನ್ನು ಸಹಿಸಿಕೊಂಡಿತ್ತು, ಹೊಸದು ಸಹಿಸಿಕೊಳ್ಳದಿರಬಹುದು.

ಊರಿನ ಹೆಸರನ್ನೂ ನೋಡಿ. ಹರಪನಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಳ್ಳಾರಿ ಜಿಲ್ಲೆಯಲ್ಲಿದ್ದವರು 1997ರಲ್ಲಿ ದಾವಣಗೆರೆಗೆ ಹೋದರು, ಮತ್ತೆ ಬಳ್ಳಾರಿಗೆ ಬಂದರು, 2021ರಲ್ಲಿ ವಿಜಯನಗರ ಜಿಲ್ಲೆಯವರಾದರು. ಮನೆ ಅಲ್ಲೇ, ದನದ ಕೊಟ್ಟಿಗೆ ಅಲ್ಲೇ, ವಿಳಾಸ ಮಾತ್ರ ತಿರುಗಿ ತಿರುಗಿ ಬಂತು. ಕೊಟ್ಟೂರಿನವರು ಕೂಡ್ಲಿಗಿ ತಾಲ್ಲೂಕಿನಲ್ಲಿದ್ದವರು, ಈಗ ಕೊಟ್ಟೂರೇ ತಾಲ್ಲೂಕು. ಹಳೆಯ ಪರದೆಯಲ್ಲಿ ಜಿಲ್ಲೆಯ ಹೆಸರನ್ನು ಕೈಯಿಂದ ಬರೆಯುತ್ತಿದ್ದರು. ಹೊಸದರಲ್ಲಿ ಪಟ್ಟಿಯಿಂದ ಆರಿಸಬೇಕು. ಪಟ್ಟಿ ಹಳೆಯದಾಗಿದ್ದರೆ ನಿಮ್ಮ ತಾಲ್ಲೂಕು ಅದರಲ್ಲಿ ಇರುವುದೇ ಇಲ್ಲ, ಯಾವುದೋ ಒಂದನ್ನು ಒತ್ತಿ ಮುಂದೆ ಹೋಗುತ್ತಾರೆ. ಬೇರೆ ಇಲಾಖೆಯ ದಾಖಲೆಯ ಜೊತೆ ಹೋಲಿಸುವಾಗ ಅದು ಹೊಂದುವುದಿಲ್ಲ. ಆಮೇಲೆ ಓಡಾಡಬೇಕಾದವರು ನೀವು.

ಫೋನ್ ನಂಬರ್ ವಿಚಾರದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಹೊಸ ಪ್ರೋಗ್ರಾಂ ಸದಸ್ಯರ ಮೊಬೈಲ್ ನಂಬರ್ ಕೇಳುತ್ತದೆ, ಹಾಲಿನ ಲೆಕ್ಕವನ್ನು ಮೆಸೇಜ್ ಮಾಡುತ್ತದೆ, ಬದಲಾವಣೆಗೆ ಒಟಿಪಿ ಕಳಿಸುತ್ತದೆ. ಕೂಡ್ಲಿಗಿ, ಹರಪನಹಳ್ಳಿ ಕಡೆಯಿಂದ ಬೆಂಗಳೂರಿಗೋ, ಚಿಕ್ಕಮಗಳೂರಿನ ಕಾಫಿ ತೋಟಕ್ಕೋ ಗುಳೆ ಹೋಗುವ ಮನೆಗಳು ಎಷ್ಟಿಲ್ಲ? ಗಂಡನದೋ ಮಗನದೋ ನಂಬರ್ ಬರೆಸಿದರೆ, ನೀವು ಇಲ್ಲಿ ಬೆಳಿಗ್ಗೆ 6 ಗಂಟೆಗೆ ಹಾಕಿದ ಹಾಲಿನ ಮೆಸೇಜ್ ಅಲ್ಲಿ ಕಟ್ಟಡದ ಕೆಲಸದಲ್ಲಿರುವವರ ಜೇಬಿನಲ್ಲಿ ಟಣ್ ಎನ್ನುತ್ತದೆ. ಅವರು ಓದುವುದಿಲ್ಲ, ನಿಮಗೆ ತಿಳಿಯುವುದಿಲ್ಲ. ನಿಮ್ಮ ಕೈಯಲ್ಲಿ ಕೀಪ್ಯಾಡ್ ಫೋನ್ ಇದ್ದರೂ ಸಾಕು, ಅದರ ನಂಬರನ್ನೇ ಬರೆಸಿ. ಮೆಸೇಜ್ ಬರಲು ಸ್ಮಾರ್ಟ್‌ಫೋನ್ ಬೇಕಿಲ್ಲ.

ಬ್ಯಾಂಕ್ ಖಾತೆಯೂ ಹಾಗೆಯೇ. ಸದಸ್ಯತ್ವ ನಿಮ್ಮ ಹೆಸರಿನಲ್ಲಿ, ಖಾತೆ ಮನೆಯವರ ಹೆಸರಿನಲ್ಲಿ ಇರುವುದು ಹಳೆಯ ರೂಢಿ. ಹೊಸದಾಗಿ ವಿವರ ತುಂಬುವ ಈ ಸಮಯದಲ್ಲಿ ಅದನ್ನು ಸರಿಪಡಿಸಿಕೊಳ್ಳಬಹುದು. ಹೆಚ್ಚು ವಾದ ಮಾಡಬೇಕಿಲ್ಲ, "ಹೊಸ ಕಂಪ್ಯೂಟರ್ ಒಪ್ಪೋದಿಲ್ಲಂತೆ" ಎಂದರೆ ಮನೆಯಲ್ಲಿ ಯಾರೂ ಬೇಡವೆನ್ನಲಾರರು.

ಅಂಕೆಗಳ ಬಗ್ಗೆ ಹೇಳುತ್ತೇನೆ, ಸ್ವಲ್ಪ ಗಮನವಿಟ್ಟು ಓದಿ. ಓದಲು ಬರದ ಅಕ್ಕಂದಿರಿಗೆ ಓದಿ ಹೇಳಿ.

ನಿಮ್ಮ ಹಾಲಿನ ಫ್ಯಾಟ್ ಎಷ್ಟರ ಆಸುಪಾಸಿನಲ್ಲಿರುತ್ತದೆ ಎಂಬುದು ನಿಮಗೆ ರೂಢಿಯಿಂದ ಗೊತ್ತಿದೆ. ಮಿಶ್ರತಳಿ ಆಕಳಾದರೆ ಸಾಮಾನ್ಯವಾಗಿ 3ರಿಂದ 5ರ ಒಳಗೆ, ಎಮ್ಮೆಯಾದರೆ 6ರಿಂದ 8ರ ಸುಮಾರು. ಎಸ್‌ಎನ್‌ಎಫ್ ಎರಡಕ್ಕೂ 8ರಿಂದ 9ರ ಆಸುಪಾಸು. ಹೊಸ ಚೀಟಿಯಲ್ಲಿ ಆಕಳ ಹಾಲಿಗೆ ಫ್ಯಾಟ್ 8.4, ಎಸ್‌ಎನ್‌ಎಫ್ 4.1 ಎಂದು ಬಂದರೆ ಎರಡು ಕಾಲಂ ಅದಲುಬದಲಾಗಿದೆ ಎಂದು ತಿಳಿಯಿರಿ. ಯಂತ್ರ ಹಳೆಯದು, ಪ್ರೋಗ್ರಾಂ ಹೊಸದು ಆದಾಗ ಹೀಗಾಗುವುದುಂಟು. ಆಕಳ ಚಿತ್ರ ಒತ್ತುವ ಬದಲು ಎಮ್ಮೆ ಚಿತ್ರ ಒತ್ತಿದರೆ ದರದ ಪಟ್ಟಿಯೇ ಬೇರೆಯಾಗುತ್ತದೆ. ಎರಡು ಚಿತ್ರ ಪಕ್ಕಪಕ್ಕದಲ್ಲೇ ಇರುತ್ತವೆ, ಟ್ಯಾಬ್‌ನಲ್ಲಂತೂ ಬೆರಳಿಗಿಂತ ಚಿಕ್ಕವು. ಎರಡನ್ನೂ ಸಾಕಿರುವವರು ಚೀಟಿಯಲ್ಲಿ ಆ ಗುರುತನ್ನು ತಪ್ಪದೆ ನೋಡಬೇಕು.

ಕೆಜಿ ಮತ್ತು ಲೀಟರ್ ನೋಡಿ. ಒಂದು ಲೀಟರ್ ಹಾಲು ಸುಮಾರು 1.03 ಕೆಜಿ ತೂಗುತ್ತದೆ. ತಕ್ಕಡಿಯಲ್ಲಿ 10 ಕೆಜಿ ಎಂದರೆ 9.7 ಲೀಟರ್. ಹಳೆಯ ವ್ಯವಸ್ಥೆಯಲ್ಲಿ ತಕ್ಕಡಿಯೇ ಲೀಟರಿಗೆ ಬದಲಿಸಿ ಕೊಡುತ್ತಿದ್ದು, ಹೊಸ ಪ್ರೋಗ್ರಾಂ ಅದನ್ನು ಕೆಜಿ ಎಂದು ತಿಳಿದು ಇನ್ನೊಮ್ಮೆ ಬದಲಿಸಿತು ಎನ್ನಿ. ದಿನಕ್ಕೆ 10 ಲೀಟರ್ ಹಾಕುವವರಿಗೆ 0.3 ಲೀಟರ್ ಹೋಯಿತು. ಲೀಟರಿಗೆ 32 ರೂಪಾಯಿ ಎಂದು ಹಿಡಿದರೂ ದಿನಕ್ಕೆ 9.60 ರೂಪಾಯಿ, ತಿಂಗಳಿಗೆ 288. ಯಾರೂ ಕದ್ದಿಲ್ಲ, ಒಂದು ಚೌಕದಲ್ಲಿ ಗುರುತು ತಪ್ಪಾಗಿದೆ ಅಷ್ಟೇ. ಆದರೆ ಒಂದು ಚೀಲ ಹಿಂಡಿಯ ಮೇಲೆ ಖರ್ಚಾಗುವ ಹಣದಲ್ಲಿ ಅದು ಸಣ್ಣ ಪಾಲಲ್ಲ.

ವರ್ಷದ ನಡುವೆ ಪ್ರೋಗ್ರಾಂ ಬದಲಾದರೆ ಬೋನಸ್ಸಿನ ಗತಿ ಏನು ಎಂದು ಕೇಳಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೆ 8 ಲೀಟರ್ ಹಾಕಿದವರದ್ದು ಸುಮಾರು 1,460 ಲೀಟರ್ ಆಯಿತು. ಅಕ್ಟೋಬರಿನಲ್ಲಿ ಹೊಸ ಪ್ರೋಗ್ರಾಂ ಸೊನ್ನೆಯಿಂದ ಎಣಿಸಲು ಶುರುಮಾಡಿದರೆ, ಮಾರ್ಚ್ ಕೊನೆಗೆ ಆ 1,460 ಲೀಟರ್ ಹಳೆಯ ಕಂಪ್ಯೂಟರಿನಲ್ಲೇ ಉಳಿದಿರುತ್ತದೆ. ಅಷ್ಟರೊಳಗೆ ಹಳೆಯ ಕಂಪ್ಯೂಟರ್ ಗುಜರಿಗೆ ಹೋಗಿದ್ದರೆ ಮುಗಿಯಿತು. ಬೋನಸ್ಸೂ ಕಡಿಮೆ, ಮತದ ಹಕ್ಕಿಗೆ ಬೇಕಾದ ದಿನಗಳೂ ಕಡಿಮೆ.

ಇದನ್ನೆಲ್ಲ ತಡೆಯಲು ನನಗೆ ತೋಚುವ ಉಪಾಯ ಒಂದೇ. ಒಂದು ಬಟವಾಡೆಯ ಅವಧಿ ಪೂರ್ತಿ ಹಳೆಯದೂ ಹೊಸದೂ ಜೊತೆಜೊತೆಗೆ ನಡೆಯಲಿ. ಹೊಸ ಆಕಳು ತಂದ ದಿನವೇ ಹಳೆಯದನ್ನು ಮಾರುವವರುಂಟೆ? ಹೊಸದು ಹಟ್ಟಿಗೆ ಹೊಂದಿಕೊಂಡು, ಹಾಲು ಇಳಿಸುವವರೆಗೆ ಕಾಯುತ್ತೇವೆ. ಎರಡು ಕಂಪ್ಯೂಟರಿನಲ್ಲಿ ದಾಖಲಿಸುವುದು ಕಾರ್ಯದರ್ಶಿಗೆ ಎರಡು ಪಟ್ಟು ಕೆಲಸ, ನಿಜ. ಸರತಿಯೂ ನಿಧಾನವಾಗುತ್ತದೆ. ಅದಕ್ಕೇ ಪೂರ್ತಿ ಎರಡು ಕಂಪ್ಯೂಟರ್ ಬೇಡ. ಹೊಸದರಲ್ಲಿ ದಾಖಲಿಸುವಾಗ ಹಾಲು ಪರೀಕ್ಷಕಿ ಪಕ್ಕದಲ್ಲಿ ಕುಳಿತು ಕೋಡ್, ಅಳತೆ, ಫ್ಯಾಟ್, ಎಸ್‌ಎನ್‌ಎಫ್ ಈ ನಾಲ್ಕನ್ನು ಪುಸ್ತಕದಲ್ಲಿ ಬರೆದರೂ ಸಾಕು. ಕರೆಂಟ್ ಹೋದಾಗ ಆಗಲೂ ಈಗಲೂ ಬರೆಯುವುದು ಆ ಪುಸ್ತಕದಲ್ಲೇ ತಾನೆ. ಆ ದಿನಗಳ ಹೆಚ್ಚಿನ ಕೆಲಸಕ್ಕೆ ಇಬ್ಬರಿಗೂ ಸಂಘದಿಂದ ಏನಾದರೂ ಗೌರವಧನ ಕೊಡಬೇಕೆಂದು ಆಡಳಿತ ಮಂಡಳಿಯ ಸಹೋದರಿಯರನ್ನು ಒತ್ತಾಯಿಸುತ್ತೇನೆ. ಪುಕ್ಕಟೆ ದುಡಿಸಿಕೊಂಡರೆ ಲೆಕ್ಕ ಹೇಗೆ ತಾನೆ ಸರಿಯಾದೀತು.

ಬದಲಾವಣೆಯ ಮೊದಲು ಹಳೆಯ ಕಂಪ್ಯೂಟರಿನಿಂದ ಎಲ್ಲ ಸದಸ್ಯರ ಪಟ್ಟಿಯನ್ನು ಮುದ್ರಿಸಿ ತೆಗೆಸಿ. ಕೋಡ್, ಹೆಸರು, ಷೇರು, ಬಾಕಿ, ಈ ವರ್ಷ ಇಲ್ಲಿಯವರೆಗೆ ಹಾಕಿದ ಲೀಟರ್, ಹಾಕಿದ ದಿನಗಳು. ಹೊಸದು ಬಂದ ಮೇಲೆ ಅದೇ ಪಟ್ಟಿಯನ್ನು ಅದರಿಂದಲೂ ತೆಗೆದು, ಎರಡನ್ನೂ ಸದಸ್ಯರ ಮುಂದೆ ಓದಬೇಕು. ಬ್ಯಾಂಕ್ ಖಾತೆಯ, ಆಧಾರಿನ ಪೂರ್ತಿ ಅಂಕೆಗಳನ್ನು ಗೋಡೆಗೆ ಅಂಟಿಸುವುದು ಬೇಡ, ಕೊನೆಯ ನಾಲ್ಕು ಅಂಕೆ ಸಾಕು. ಹಳೆಯ ಕಂಪ್ಯೂಟರ್ ಆ ವರ್ಷದ ಲೆಕ್ಕಪರಿಶೋಧನೆ ಮುಗಿಯುವವರೆಗೆ ಸಂಘದ ಕಪಾಟಿನಲ್ಲೇ ಇರಲಿ. ಮಾರಿದರೆ ಬರುವ ಹಣ ಎಷ್ಟು ಮಹಾ.

ಇದೇ ಮಾತು ನಿಮ್ಮ ದನದ ಕಿವಿಯೋಲೆಗೂ ಸಲ್ಲುತ್ತದೆ. ಕಿವಿಯಲ್ಲಿರುವ ಹಳದಿ ಬಿಲ್ಲೆಯ 12 ಅಂಕೆಯ ನಂಬರ್ ಮೊದಲು ಇನಾಫ್ ಎಂಬ ಪ್ರೋಗ್ರಾಂನಲ್ಲಿತ್ತು, ಈಗ ‘ಭಾರತ್ ಪಶುಧನ್’ ಎಂಬ ಹೊಸದಕ್ಕೆ ಬಂದಿದೆ. ಕಾಲುಬಾಯಿ ಜ್ವರದ ಲಸಿಕೆ, ಕೃತಕ ಗರ್ಭಧಾರಣೆ ಎಲ್ಲ ಅದರಲ್ಲೇ ದಾಖಲಾಗುವುದು. ವಿಮೆ ಕೇಳುವಾಗಲೂ ಅದೇ ನಂಬರ್. ಲಸಿಕೆ ಹಾಕಲು ಬಂದವರು ಮೊಬೈಲಿನಲ್ಲಿ ನಂಬರ್ ಹಾಕಿದಾಗ "ಯಾರ ಹೆಸರು ತೋರಿಸ್ತದೆ, ಯಾವ ದನ ಅಂತ ಬರ್ತದೆ, ಸ್ವಲ್ಪ ಓದ್ರಿ" ಎಂದು ಕೇಳಿ. ಮಾರಿದ ಆಕಳು ಇನ್ನೂ ನಿಮ್ಮ ಹೆಸರಿನಲ್ಲಿರಬಹುದು, ಕೊಂಡ ಎಮ್ಮೆ ಹಳೆಯ ಮಾಲೀಕರ ಹೆಸರಿನಲ್ಲಿರಬಹುದು.

ಕೊನೆಗೆ ಚೀಟಿಯ ವಿಚಾರ. ಸಂಘದಲ್ಲಿ ಕೊಡುವ ನುಣುಪು ಕಾಗದದ ಚೀಟಿಯ ಮೇಲೆ ಅಕ್ಷರ ಮೂಡುವುದು ಶಾಯಿಯಿಂದಲ್ಲ, ಶಾಖದಿಂದ. ಒಲೆಯ ಪಕ್ಕದ ಗೂಡಿನಲ್ಲೋ, ಬಿಸಿಲು ಬೀಳುವ ಕಿಟಕಿಯಲ್ಲೋ ಇಟ್ಟರೆ ಕೆಲವೇ ವಾರಗಳಲ್ಲಿ ಅಳಿಸಿಹೋಗುತ್ತದೆ. ಪರದೆ ಬದಲಾಗುವ ತಿಂಗಳಿನ ಚೀಟಿಗಳನ್ನು ಬಿಸಾಡಬೇಡಿ. ಶಾಲೆಗೆ ಹೋಗುವ ಮಗಳ ಕೈಯಲ್ಲಿ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ದಿನಾಂಕ, ಪಾಳಿ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ಹಣ ಇಷ್ಟನ್ನು ಬರೆಸಿಡಿ. ಬಟವಾಡೆಯ ದಿನ ಸಂಘಕ್ಕೆ ಹೋಗುವಾಗ ಆ ನೋಟ್‌ಬುಕ್ ಜೊತೆಯಲ್ಲೇ ಇರಲಿ.